ಜೋಡಿಗೆ ಕೊಬ್ಬರಿ ತಕ್ಕಡಿ, ಸರದಿಗೆ ಟಿವಿ: ಜಾತ್ರೆ ಕುಸ್ತಿ ಕಟ್ಟಿದ ನನ್ನ ಅನುಭವ

"ತೂಗೋಕೆ ಪೈಲ್ವಾನೇನು ಕೊಬ್ಬರಿ ಮೂಟೆನಾ?" ಅಂತ ಮೊದಲ ವರ್ಷ ಗರಡಿಯ ಹಿರಿಯರು ನಕ್ಕಿದ್ದರು. ತಿಪಟೂರು ಕಡೆಯ ಕೊಬ್ಬರಿ ತಕ್ಕಡಿಯನ್ನೇ ಅಖಾಡದ ಪಕ್ಕ ಇಟ್ಟಿದ್ದರಿಂದ ನಗೋದಕ್ಕೆ ಕಾರಣವೂ ಇತ್ತು. ಮೂರು ಜಾತ್ರೆ ಕಳೆದ ಮೇಲೆ ಅವರೇ ತಮ್ಮೂರಿನ ಕುಸ್ತಿಗೆ ತಕ್ಕಡಿ ಕೇಳಿ ಆಳು ಕಳಿಸುತ್ತಿದ್ದಾರೆ. ಮಣ್ಣಿನ ಹದ, ಮಟ್ಟಿ ಪೂಜೆ, ಶಾಮಿಯಾನ ಎಲ್ಲರಿಗೂ ಗೊತ್ತಿರೋದೇ. ಇಲ್ಲಿ ಜೋಡಿ (ಯಾರಿಗೆ ಯಾರು ಎದುರು), ಇನಾಮು, ಸರದಿ (ಯಾವ ಕುಸ್ತಿ ಯಾವಾಗ) ಇಷ್ಟೇ.

ಹಿಂದೆ ತುಮಕೂರು ಸೀಮೆಯ ಜಾತ್ರೆಗಳಲ್ಲಿ ಜೋಡಿ ಕಟ್ಟುತ್ತಿದ್ದದ್ದು ಕಣ್ಣಳತೆಯಲ್ಲಿ. ಬೆಳಿಗ್ಗೆ ಉಸ್ತಾದರಿಗೆ, ಅಂದರೆ ಗರಡಿಯ ಗುರುಗಳಿಗೆ, ವೀಳ್ಯ ಕೊಟ್ಟು, ಬಂದ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಭುಜ ತೊಡೆ ನೋಡಿ ಕೈ ಹಿಡಿಸುತ್ತಿದ್ದರು. ಗರಡಿಗಳು ಹತ್ತಿರವಿದ್ದು ಒಬ್ಬರ ತಾಕತ್ತು ಇನ್ನೊಬ್ಬರಿಗೆ ಗೊತ್ತಿದ್ದಾಗ ಅದು ನಡೆಯುತ್ತಿತ್ತು. ಈಗ ಫೋಟೊ ನೋಡಿ ವಾಟ್ಸಾಪಿನಲ್ಲಿ ಜೋಡಿ ಆಗುತ್ತದೆ, ಫೋನ್‌ಪೇಯಲ್ಲಿ ಅಡ್ವಾನ್ಸ್ ಹೋಗುತ್ತದೆ. ಶಿವರಾತ್ರಿಯಿಂದ ಯುಗಾದಿವರೆಗೆ ಭಾನುವಾರಗಳು ನಾಲ್ಕೈದು, ಜಾತ್ರೆಗಳು ಹತ್ತಾರು. ಒಬ್ಬನೇ ಪೈಲ್ವಾನ ಮೂರು ಊರಿನ ಪೋಸ್ಟರಿನಲ್ಲಿ ಇರುತ್ತಾನೆ. ಮೊದಲ ವರ್ಷ ಇಪ್ಪತ್ತೆರಡು ಜೋಡಿ ಅಚ್ಚು ಹಾಕಿಸಿದ್ದೆ, ಬಂದದ್ದು ಹದಿನಾಲ್ಕು. ಅಡ್ವಾನ್ಸ್ ಹದಿನೆಂಟು ಸಾವಿರ ಹೋಯಿತು, ಒಂದು ಪೈಸೆ ವಾಪಸ್ ಬರಲಿಲ್ಲ.

ಆಮೇಲೆ ಪೈಲ್ವಾನನ ಜೊತೆ ನೇರ ಮಾತು ಬಿಟ್ಟೆ. ಹನ್ನೆರಡು ದಿನ ಮುಂಚೆ ಅವನ ಉಸ್ತಾದರ ಜೊತೆ ಮಾತು. ಮುಂಗಡ ಅಂದರೆ ಬಸ್ ಚಾರ್ಜು ಮಾತ್ರ, ಅದೂ ಉಸ್ತಾದರ ಕೈಗೆ. ಹುಡುಗ ಬರದಿದ್ದರೆ ಅದೇ ಗರಡಿಯಿಂದ ಅದೇ ತೂಕದ ಇನ್ನೊಬ್ಬ ಬರಬೇಕು. ಇದರ ಮೇಲೆ ನಾಲ್ಕು ಜನರನ್ನು ಕಾಯ್ದಿಡುತ್ತೇನೆ: 55, 65, 75, 85 ಕೆಜಿ ಆಸುಪಾಸಿಗೆ ಒಬ್ಬೊಬ್ಬ. ಆಡಿದರೂ ಆಡದಿದ್ದರೂ ತಲಾ ಐನೂರು ಮತ್ತು ಊಟ. ಎರಡು ಸಾವಿರ ದಂಡ ಅಂತ ಕಮಿಟಿಯವರು ಗೊಣಗಿದರು. ಕಳೆದ ವರ್ಷ ಆ ನಾಲ್ವರಲ್ಲಿ ಮೂವರು ಅಖಾಡಕ್ಕೆ ಇಳಿದರು.

ತೂಕದಲ್ಲಿ ಸುಳ್ಳು ಎರಡು ಬಗೆ. ಸುಲಭದ ಜೋಡಿ ಬೇಕಾದವನು ಕಡಿಮೆ ಹೇಳುತ್ತಾನೆ, ದೊಡ್ಡ ಇನಾಮು ಬೇಕಾದವನು ಜಾಸ್ತಿ ಹೇಳುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ತೂಗಿದರೆ ಪ್ರಯೋಜನವಿಲ್ಲ, ಮೂರು ಗಂಟೆಯೊಳಗೆ ಎರಡು ಸಲ ಉಂಡು ಎರಡು ಕೆಜಿ ಏರಿಸಿಕೊಳ್ಳುತ್ತಾರೆ. ಮಧ್ಯಾಹ್ನ ಒಂದೂವರೆಗೆ, ಲಂಗೋಟಿಯಲ್ಲಿ, ಎದುರಾಳಿಯ ಉಸ್ತಾದರ ಮುಂದೆಯೇ ತೂಗಬೇಕು. 50 ಕೆಜಿಯೊಳಗೆ ಎರಡು ಕೆಜಿ, 75ರವರೆಗೆ ಮೂರು, ಅದರ ಮೇಲೆ ಐದು ಕೆಜಿ ವ್ಯತ್ಯಾಸ ಬಿಡಬಹುದು. ತಕ್ಕಡಿಯನ್ನು ಸಡಿಲ ಮಣ್ಣಿನ ಮೇಲೆ ಇಟ್ಟರೆ ಒಂದು ಮೂಲೆ ಇಳಿದು ಅರ್ಧ ಕೆಜಿ ತಪ್ಪು ತೋರಿಸುತ್ತದೆ, ಜಗಳಕ್ಕೆ ಅಷ್ಟು ಸಾಕು. ಕೆಳಗೆ ಒಂದು ಕಡಪ ಕಲ್ಲು ಹಾಕಿ.

ಇನಾಮಿನ ವಿಷಯ ಬಂದರೆ, ನಮ್ಮ ಕುಸ್ತಿಗಳನ್ನು ಕೆಡಿಸಿದ್ದೇ 'ಸಮ', ಅಂದರೆ ಯಾರೂ ಗೆಲ್ಲದೆ ಮುಗಿಯುವ ಕುಸ್ತಿ. ಗೆದ್ದವನಿಗೆ ಪೂರ್ತಿ, ಸೋತವನಿಗೆ ಟವೆಲ್ಲು ಅಂದರೆ ಇಬ್ಬರೂ ಹೆದರಿ ಒಳಗೇ ಮಾತಾಡಿಕೊಳ್ಳುತ್ತಾರೆ. ಇಪ್ಪತ್ತು ನಿಮಿಷ ಕತ್ತು ಹಿಡಿದು ತಳ್ಳಾಡಿ, ಸಮ ಮಾಡಿಸಿಕೊಂಡು, ದುಡ್ಡು ಹಂಚಿಕೊಳ್ಳುತ್ತಾರೆ. ಹಳೆಯ ಲೆಕ್ಕದಲ್ಲಿ ಇಪ್ಪತ್ತರಲ್ಲಿ ಎಂಟೊಂಬತ್ತು ಜೋಡಿ ಹೀಗೇ. ನಾನು ಮಾಡಿದ್ದು ಇಷ್ಟು: ನೂರು ರೂಪಾಯಿ ಇನಾಮಾದರೆ ಗೆದ್ದವನಿಗೆ 65, ಸೋತವನಿಗೆ 35. ಸಮವಾದರೆ ತಲಾ 20, ಉಳಿದ 60 ಕೊನೆಯ ದೊಡ್ಡ ಜೋಡಿಯಾದ ಗದೆ ಕುಸ್ತಿಯ ಇನಾಮಿಗೆ ಸೇರುತ್ತದೆ, ಮೈಕಿನಲ್ಲಿ ಹೇಳಿಯೇ ಸೇರಿಸುತ್ತೇವೆ. ಸೋಲುವುದಕ್ಕಿಂತ ಸಮವಾಗುವುದು ನಷ್ಟ! ಕಳೆದ ಸಲ ಸಮವಾದದ್ದು ಎರಡೇ ಜೋಡಿ. ಬೇಕೆಂದೇ ಬೀಳುವವರನ್ನು ಈ ಲೆಕ್ಕ ತಡೆಯುವುದಿಲ್ಲ, ನಿಜ. ಅದಕ್ಕೆ ಯಾವ ಗರಡಿಗೆ ಯಾವ ಗರಡಿ ಎದುರು ಹಾಕಬೇಕು ಅನ್ನುವ ಲೆಕ್ಕ ಬೇರೆ ಇದೆ, ಅದನ್ನು ಬರೆಯುವುದಿಲ್ಲ.

ಸರದಿ ಕಲಿತದ್ದು ಮಾತ್ರ ಟಿವಿ ಕುಸ್ತಿಯಿಂದ. ಇದನ್ನು ಹೇಳಿದರೆ ಈಗಲೂ ಕೆಲವರಿಗೆ ಸಿಟ್ಟು ಬರುತ್ತದೆ. ಅಲ್ಲಿ ಗೆಲ್ಲುವವನನ್ನು ಮೊದಲೇ ಗೊತ್ತುಮಾಡುತ್ತಾರೆ ಅನ್ನೋದು ಗುಟ್ಟೇನಲ್ಲ. 1989ರಲ್ಲಿ ಅದನ್ನು ನಡೆಸುವ ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಕಂಪನಿಯವರೇ ನ್ಯೂಜೆರ್ಸಿಯಲ್ಲಿ ಸರ್ಕಾರದ ಮುಂದೆ ಇದು ಮನರಂಜನೆ ಅಂತ ಒಪ್ಪಿಕೊಂಡರು, ಕ್ರೀಡೆ ಅಂದರೆ ಕಟ್ಟಬೇಕಿದ್ದ ತೆರಿಗೆ, ಪರವಾನಗಿ ತಪ್ಪಲಿ ಅಂತ. ಫಲಿತಾಂಶ ಕಟ್ಟುವುದು ಅವರ ಕೆಲಸ, ನಮ್ಮದು ಜೋಡಿ ಕಟ್ಟುವುದು. ಆದರೆ ಜನರನ್ನು ಮೂರು ಗಂಟೆ ಕೂರಿಸುವ ವಿದ್ಯೆ ಅವರದ್ದು. ದಾರಾ ಸಿಂಗ್, ಕಿಂಗ್‌ಕಾಂಗ್ ಅನ್ನುವ ಪೈಲ್ವಾನರ ಕಾಲದಲ್ಲಿ ಪೋಸ್ಟರಿನ ಎರಡು ಹೆಸರಿಗೇ ಮೈದಾನ ತುಂಬುತ್ತಿತ್ತು, ಮೊದಲಿನ ಜೋಡಿಗಳನ್ನು ಯಾರು ಕೇಳುತ್ತಿದ್ದರು? 1993ರಲ್ಲಿ ಅಮೆರಿಕದಲ್ಲಿ ಅದೇ ಕಂಪನಿಯ 'ರಾ' ಅನ್ನುವ ಟಿವಿ ಕಾರ್ಯಕ್ರಮ ಶುರುವಾಗಿ ವಾರ ವಾರ ನೇರಪ್ರಸಾರದ ಪದ್ಧತಿ ಬಲವಾದ ಮೇಲೆ, ಚಾನೆಲ್ ಬದಲಾಯಿಸದ ಹಾಗೆ ಪ್ರತಿ ಜೋಡಿಗೂ ಒಂದು ಜಾಗ ಇಡಬೇಕಾಯಿತು.

ನಮ್ಮಲ್ಲಿ ಹಿಂದೆ ಮೊದಲ ಎರಡು ಗಂಟೆ ಮಕ್ಕಳ ಕುಸ್ತಿ, ದೊಡ್ಡದು ದೀಪ ಹಚ್ಚುವ ಹೊತ್ತಿಗೆ. ಅಷ್ಟರಲ್ಲಿ ಹಾಲು ಕರೆಯೋಕೆ ಅರ್ಧ ಜನ ಎದ್ದಿರುತ್ತಿದ್ದರು. ಈಗ ಪೂಜೆಯಾದ ಕೂಡಲೇ ಎರಡನೇ ದೊಡ್ಡ ಜೋಡಿ ಬಿಡುತ್ತೇನೆ, ಮೂರು ಗಂಟೆಗೆ. ಅದರ ಬೆನ್ನಿಗೆ ಮಕ್ಕಳು, ಎರಡೆರಡು ನಿಮಿಷ. ಜೋರು ಕುಸ್ತಿಯಾದ ಮೇಲೆ ಇನ್ನೊಂದು ಜೋರು ಹಾಕಿದರೆ ಎರಡನೆಯದಕ್ಕೆ ಚಪ್ಪಾಳೆ ಬೀಳುವುದಿಲ್ಲ, ನಡುವೆ ಹಗುರದ್ದು ಬೇಕು. ನಿಧಾನಕ್ಕೆ ಪಟ್ಟು ಹಾಕುವ ಇಬ್ಬರನ್ನು ಸಾಲಾಗಿ ಬಿಡಲೇಬಾರದು. ಊರ ಹುಡುಗನ ಜೋಡಿ ನಾಲ್ಕೂವರೆಗೆ, ಅದು ಮುಗಿದ ಕೂಡಲೇ ಚಂದಾ ತಟ್ಟೆ. ಮುಂಚೆ ತಟ್ಟೆ ಮೊದಲೇ ತಿರುಗುತ್ತಿತ್ತು, ಒಂಬತ್ತು ಸಾವಿರ ದಾಟುತ್ತಿರಲಿಲ್ಲ. ಜಾಗ ಬದಲಾದ ಮೇಲೆ ಇಪ್ಪತ್ತಾರು ಸಾವಿರ ಚಿಲ್ಲರೆ. ಗದೆ ಕುಸ್ತಿ ಐದೂಮುಕ್ಕಾಲಿಗೆ, ಬೆಳಕಿರುವಾಗಲೇ: ಇಪ್ಪತ್ತು ನಿಮಿಷ, ಬೆನ್ನು ಬೀಳದಿದ್ದರೆ ಇನ್ನು ಮೂರು ನಿಮಿಷ ಪಾಯಿಂಟಿನ ಮೇಲೆ.

ಟಿವಿ ನೋಡಿ ಮಾಡಿದ ಎಲ್ಲವೂ ಫಲಿಸಲಿಲ್ಲ. ಪ್ರತಿ ಪೈಲ್ವಾನನನ್ನೂ ತಮಟೆ ಬಡಿಸಿಕೊಂಡು ಕರೆತಂದದ್ದು ದೊಡ್ಡ ತಪ್ಪು. ಜೋಡಿಗೆ ನಾಲ್ಕು ನಿಮಿಷದಂತೆ ಇಪ್ಪತ್ತು ಜೋಡಿಗೆ ಎಂಬತ್ತು ನಿಮಿಷ ಬರೀ ಮೆರವಣಿಗೆ. ಈಗ ಕೊನೆಯ ಮೂರು ಜೋಡಿಗೆ ಮಾತ್ರ. ಮಣ್ಣಿನ ಮೇಲೆ ಬಾಡಿಗೆ ಮ್ಯಾಟ್ ಹಾಸಿದ್ದೂ ಕೆಟ್ಟಿತು, ಕಾಲಿನ ಧೂಳು ಕೂತು ಜಾರುತ್ತದೆ. ಮ್ಯಾಟ್ ಬೇಕಾದರೆ ಬೇರೆ ಜಾಗದಲ್ಲಿ, ಒದ್ದೆ ಗೋಣಿಯಲ್ಲಿ ಕಾಲು ಒರೆಸಿ ಹತ್ತಿಸಬೇಕು. ಹೆಣ್ಣುಮಕ್ಕಳ ಎರಡು ಜೋಡಿ ಹಾಕಿದ್ದಕ್ಕೆ ಮಾತ್ರ ಯಾರೂ ಎದ್ದು ಹೋಗಲಿಲ್ಲ, ಮುಂದಿನ ಸಲ ನಾಲ್ಕು ಹಾಕುತ್ತೇನೆ.

ಖರ್ಚು ಸುಮಾರು ಒಂದು ಲಕ್ಷ ಅರವತ್ತು ಸಾವಿರ. ಇನಾಮಿಗೆ ತೊಂಬತ್ತೈದು, ಶಾಮಿಯಾನ ಮೈಕಿಗೆ ಇಪ್ಪತ್ತೈದು, ಊಟಕ್ಕೆ ಹದಿನೆಂಟು, ಏಳು ಟ್ರ್ಯಾಕ್ಟರ್ ಕೆಮ್ಮಣ್ಣಿಗೆ ಹತ್ತೂವರೆ, ಉಳಿದದ್ದು ಡಾಕ್ಟರು, ಪೋಸ್ಟರು, ಕಾಯ್ದಿಟ್ಟವರಿಗೆ. ಮೊದಲ ವರ್ಷ ಎರಡು ಲಕ್ಷ ದಾಟಿತ್ತು, ಅದರಲ್ಲಿ ಮೂವತ್ತು ಸಾವಿರದಷ್ಟು ಅಖಾಡದಲ್ಲೇ ನಿಂತು ಚೌಕಾಸಿ ಮಾಡಿದವರಿಗೆ ಹೋದದ್ದು. ಈಗ ಯಾವ ಜೋಡಿಗೆ ಎಷ್ಟು ಅನ್ನುವುದನ್ನು ತಕ್ಕಡಿಯ ಪಕ್ಕದ ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದು, ಇಬ್ಬರು ಉಸ್ತಾದರ ಸಹಿ ಹಾಕಿಸಿದ ಮೇಲೇ ಲಂಗೋಟಿ ಬಿಗಿಯೋದು.