ಬುಧವಾರ ಮೂರು ಗಂಟೆಗೆ ಆರು ಜನ

ನಾನು ಸೂಪರಿಂಟೆಂಡೆಂಟ್ ಆಗಿದ್ದ ಸರ್ಕಾರಿ ಕಚೇರಿಯಿಂದ, ಪಿಂಚಣಿ ಕಡತ ಪರಿಶೀಲಿಸುವ ಎ.ಜಿ. (ಮಹಾಲೇಖಪಾಲರ) ಆಫೀಸಿಗೆ ನಡೆದೇ ಹೋಗಬಹುದಿತ್ತು. ಆದರೂ ನಾವು ಕಳಿಸಿದ ಪಿಂಚಣಿ ಕಡತ ಆಕ್ಷೇಪಣೆ ಹೊತ್ತು ವಾಪಸು ಬಂದು, ಸರಿಮಾಡಿ ಮತ್ತೆ ಕಳಿಸುವಷ್ಟರಲ್ಲಿ ತಿಂಗಳುಗಳೇ ಉರುಳುತ್ತಿದ್ದವು. ತಪ್ಪು ನಮ್ಮದೇ. 2012ರಲ್ಲಿ, ಅರ್ಜಿ ವಿಲೇವಾರಿಗೆ ಗಡುವು ಹಾಕುವ ಸಕಾಲ ಯೋಜನೆ ಬಂದ ಮೇಲೆ ಜನರ ಅರ್ಜಿಗೆ ದಿನ ಎಣಿಸುವುದು ಅಭ್ಯಾಸವಾಗಿತ್ತು. ನಿವೃತ್ತರಾದ ನಮ್ಮವರೇ ಬಂದು ಬೆಂಚಿನ ಮೇಲೆ ಕೂತರೆ ಮಾತ್ರ ತಲೆ ತಗ್ಗಿಸಿ ಬೇರೆ ಕಡತ ಬಿಚ್ಚುತ್ತಿದ್ದೆವು.

ಸಾರ್ವಜನಿಕ ಉದ್ದಿಮೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಭಾವ ಕ್ವಾಲಿಟಿ ಸರ್ಕಲ್ ಬಗ್ಗೆ ಹೇಳುತ್ತಿದ್ದರು. 1962ರಲ್ಲಿ ಜಪಾನಿನಲ್ಲಿ ಶುರುವಾದದ್ದು, 1980ರಲ್ಲಿ ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರ್ಖಾನೆಗೆ ಬಂತು. ಒಂದೇ ಕಡೆ ದುಡಿಯುವ ಕೆಲವರು ವಾರಕ್ಕೊಂದು ಗಂಟೆ ಕೂತು, ತಾವೇ ಆರಿಸಿದ ತೊಂದರೆಯ ಬೇರು ಹುಡುಕುವುದು. ಬಲವಂತವಿಲ್ಲ. ಕಾರ್ಖಾನೆಯಲ್ಲಿ ಸರಿ, ಟಿಪ್ಪಣಿ ಬರೆಯುವ ನಮಗೆ ಇದು ಒಗ್ಗುತ್ತದೆಯೇ ಅನ್ನುವ ಅನುಮಾನವಿತ್ತು.

ಸುತ್ತೋಲೆ ಹೊರಡಿಸಲಿಲ್ಲ. ಹೊರಡಿಸಿದ್ದರೆ ಎಲ್ಲರೂ ಸಹಿ ಹಾಕಿ ಮರೆಯುತ್ತಿದ್ದರು. ಬುಧವಾರ ಮೂರು ಗಂಟೆಗೆ ಚಹಾ ತರಿಸಿ ಕರೆದೆ. ಇಬ್ಬರು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು), ಇಬ್ಬರು ಎಸ್‌ಡಿಎ (ದ್ವಿತೀಯ ದರ್ಜೆಯವರು), ಟಪ್ಪಾಲು ನೋಡುವ ದಲಾಯತ್, ನಾನು. ಮೊದಲ ಎರಡು ವಾರ ಬರೀ ದೂರು: ಸಿಬ್ಬಂದಿ ಸಾಲದು, ಪ್ರಿಂಟರ್ ಕೆಟ್ಟಿದೆ. ಮೂರನೇ ವಾರ ವಾಪಸು ಬಂದ 31 ಕಡತ ಮೇಜಿನ ಮೇಲೆ ಸುರಿದು, ಆಕ್ಷೇಪಣೆಗೊಂದರಂತೆ ಗೆರೆ ಎಳೆಯುತ್ತ ಹೋದೆವು. 19ರಲ್ಲಿ ಒಂದೇ ಕಾರಣ: ಸೇವಾ ಪುಸ್ತಕದಲ್ಲಿ ವರ್ಷವರ್ಷದ ಸೇವಾ ಪರಿಶೀಲನೆಯ ದಾಖಲೆಯೇ ಇಲ್ಲ.

ಯಾಕಿಲ್ಲ? ಸಮಯ ಸಿಗಲಿಲ್ಲ ಸಾರ್. ಯಾಕೆ ಸಿಗಲಿಲ್ಲ? ಪುಸ್ತಕ ಕೈಗೆ ಸಿಗೋದಿಲ್ಲ ಸಾರ್. ಯಾಕೆ ಸಿಗೋದಿಲ್ಲ? ಯಾರೂ ಉಸಿರೆತ್ತಲಿಲ್ಲ. ಲೋಟ ಎತ್ತಿಕೊಳ್ಳುತ್ತಿದ್ದ ದಲಾಯತ್ ನಿಧಾನಕ್ಕೆ ಅಂದ: "ಬೀರು ಬೀಗದ ಕೈ ನಿಮ್ ಬ್ಯಾಗಲ್ಲೇ ಇರುತ್ತಲ್ಲ ಸಾರ್. ನೀವು ಮೀಟಿಂಗಿಗೆ ಹೋದ್ರೆ ಇವ್ರೇನ್ ಬರೀತಾರೆ?"

ಕಿವಿ ಬಿಸಿಯಾಯಿತು. ಜತನ ಅಂದುಕೊಂಡು ವರ್ಷಗಟ್ಟಲೆ ಹೊತ್ತು ತಿರುಗಿದ್ದ ಬೀಗದ ಕೈ ಅದು. ಅಂದೇ ಅದನ್ನು ಕಡತ ನೋಡುವ ವಿಷಯ ನಿರ್ವಾಹಕರಿಗೆ ಕೊಟ್ಟು, ಯಾರು ಯಾವ ಪುಸ್ತಕ ಒಯ್ದರು ಎಂದು ಬರೆಯಲು ಒಂದು ವಹಿ ಇಟ್ಟೆವು. ಎಲ್ಲರದನ್ನೂ ಮಾರ್ಚಿನಲ್ಲಿ ಮಾಡುವ ಬದಲು ಆಯಾ ನೌಕರರ ಹುಟ್ಟಿದ ತಿಂಗಳಲ್ಲಿ ಪರಿಶೀಲನೆ ಎಂದು ಹಂಚಿಕೊಂಡೆವು. ಇದು ಎಸ್‌ಡಿಎ ಹುಡುಗಿಯ ಉಪಾಯ, ನನಗೆ ಹೊಳೆಯುತ್ತಿರಲಿಲ್ಲ.

ಆಕ್ಷೇಪಣೆ ಪೂರ್ತಿ ನಿಲ್ಲಲಿಲ್ಲ, ಆ ಕಾರಣಕ್ಕೆ ಬರುವುದು ಅಪರೂಪವಾಯಿತು. ಮುಂದೆ ಗಳಿಕೆ ರಜೆ ಲೆಕ್ಕದ ಗೊಂದಲ ಹಿಡಿದೆವು. ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಸಾರ್ವತ್ರಿಕ ವರ್ಗಾವಣೆ ಪಟ್ಟಿ ಬಂತು. ಆರರಲ್ಲಿ ನಾಲ್ವರು ಹೋದರು. ಬುಧವಾರ ಮೂರಕ್ಕೆ ನಾನೂ ದಲಾಯತ್ತೂ ಚಹಾ ಕುಡಿದೆವು, ಹೊಸಬರು ಬರಲೆಂದು ಕಾಯುತ್ತ.