ಙೊಂಬೆ ಕಲಿಸಿದ ಸ್ವಾಹಿಲಿ

ಕನ್ನಡ ವರ್ಣಮಾಲೆಯಲ್ಲಿ ಙ ಮತ್ತು ಞ ಇರುವುದು ಮಕ್ಕಳನ್ನು ಗೋಳುಹೊಯ್ದುಕೊಳ್ಳಲು ಮಾತ್ರ ಎಂದು ನಾನು ಬಹಳ ಕಾಲ ನಂಬಿದ್ದೆ. ತಾಂಜಾನಿಯಾದ ದಾರೆಸಲಾಮಿನಲ್ಲಿ ಹಾಲು ಕೊಳ್ಳಲು ಹೋದ ದಿನ ಆ ನಂಬಿಕೆ ಬಿದ್ದುಹೋಯಿತು. ಸ್ವಾಹಿಲಿಯಲ್ಲಿ ಹಸುವಿಗೆ ಙೊಂಬೆ ಎನ್ನುತ್ತಾರೆ. ಆ ಮೊದಲ ಸದ್ದನ್ನು ರೋಮನ್ ಲಿಪಿಯಲ್ಲಿ ಬರೆಯಲು ಎರಡು ಅಕ್ಷರ, ಪಕ್ಕದಲ್ಲೊಂದು ಕೊಕ್ಕೆ ಬೇಕು. ನಮಗೆ ಒಂದೇ ಅಕ್ಷರ ಸಾಕು. ಮನೆ ಞುಂಬ, ಹಾವು ಞೋಕ, ನಕ್ಷತ್ರ ಞೋತ. ಅಂದು ರಾತ್ರಿಯೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಸ್ವಾಹಿಲಿಯನ್ನು ಕನ್ನಡ ಲಿಪಿಯಲ್ಲಿ ಬರೆಯತೊಡಗಿದೆ. ನಾನು ಸ್ವಾಹಿಲಿಯಿಂದ ನೇರವಾಗಿ ಕನ್ನಡಕ್ಕೆ ತಂದು, ಕಳೆದ ವರ್ಷ ಹೊರಬಂದ ಒಂಬತ್ತು ಕಥೆಗಳ ಪುಸ್ತಕದ ಬೇರು ಅಲ್ಲಿದೆ.

ಆಫ್ರಿಕಾದ ಸಾಹಿತ್ಯವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿರುವ ಗೆಳೆಯರು ಇದನ್ನು ಓದುತ್ತಾರೆಂದು ಗೊತ್ತು. ಅವರಲ್ಲಿ ಇಬ್ಬರು ಈ ಕೆಲಸ ಆಗುವುದಿಲ್ಲ ಎಂದು ನನ್ನ ಮುಖಕ್ಕೇ ಹೇಳಿದ್ದರು. "ಇಂಗ್ಲಿಷ್ ಅನುವಾದ ಕೈಯಲ್ಲಿರುವಾಗ ಮೂಲ ಕಲಿಯಲು ಹತ್ತು ವರ್ಷ ಸುಡುವುದು ಹುಚ್ಚು" ಎಂದರು ಒಬ್ಬರು. ಹತ್ತು ವರ್ಷ ಸುಟ್ಟದ್ದು ನಿಜ, ಹನ್ನೆರಡೇ ಇದ್ದೀತು. ಹುಚ್ಚು ಹೌದೋ ಅಲ್ಲವೋ ಎಂಬುದನ್ನು ಪುಸ್ತಕ ಓದಿದವರು ಹೇಳಲಿ.

ನಾನು ಆ ಊರಿಗೆ ಹೋದದ್ದು ಸಾಹಿತ್ಯಕ್ಕಾಗಿ ಅಲ್ಲ. ಕರಿಯಾಕೋ ಮಾರುಕಟ್ಟೆಯ ಬಳಿ ಒಂದು ಹಾರ್ಡ್‌ವೇರ್ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಕರಿಯಾಕೋ ಎಂಬ ಹೆಸರೇ ಮೊದಲ ಮಹಾಯುದ್ಧದ 'ಕ್ಯಾರಿಯರ್ ಕೋರ್', ಅಂದರೆ ಸೈನ್ಯದ ಹೊರೆಯಾಳುಗಳ ದಳ, ಜನರ ಬಾಯಲ್ಲಿ ಸವೆದು ಉಳಿದದ್ದು. ಮೊದಲ ಎರಡು ವರ್ಷ ಸಂತೆಯ ಸ್ವಾಹಿಲಿಯಲ್ಲಿ ದಿನ ದೂಡಿದೆ. ಪೇಸ ಎಂದರೆ ದುಡ್ಡು, ದೂಕ ಎಂದರೆ ಅಂಗಡಿ, ಲಾಕಿ ಎಂದರೆ ಲಕ್ಷ, ಗಾರಿ ಎಂದರೆ ಗಾಡಿ. ಅರ್ಧ ಭಾಷೆ ಊರಿನಿಂದಲೇ ಕಟ್ಟಿಕೊಂಡು ಬಂದಂತಿದೆ ಎಂದು ಬೀಗಿದೆ. ದಿನಪತ್ರಿಕೆಯ ಒಂದು ಪ್ಯಾರಾ ಓದಲು ಕೂತಾಗ ಆ ಬೀಗು ಇಳಿಯಿತು.

ಸರಿಯಾಗಿ ಕಲಿಯೋಣವೆಂದು ಜಂಜಿಬಾರಿನಲ್ಲಿ ನಾಲ್ಕು ವಾರದ ತರಗತಿಗೆ ಸೇರಿದೆ. ಶುಲ್ಕ, ಕೋಣೆ, ದೋಣಿ ಎಲ್ಲ ಸೇರಿ ಸಾವಿರ ಡಾಲರಿಗೆ ಹತ್ತಿರವಾಯಿತು. ಎರಡು ತಿಂಗಳ ಉಳಿತಾಯ ಅದು. ತರಗತಿ ನಡೆದದ್ದು ಇಂಗ್ಲಿಷಿನಲ್ಲಿ, ಜೊತೆಗಿದ್ದವರೆಲ್ಲ ಯುರೋಪಿನವರು. ಒಂದು ಬೆಳಿಗ್ಗೆ ಮೇಷ್ಟ್ರು 'ಸೋಮ' ಎಂದರೆ ಓದು, 'ಸೊಮೇಶ' ಎಂದರೆ ಇನ್ನೊಬ್ಬರು ಓದುವಂತೆ ಮಾಡು ಎಂದು ಬೋರ್ಡಿನ ಮೇಲೆ ಬಾಣಗಳನ್ನು ಎಳೆದು ಕಾಲು ಗಂಟೆ ವಿವರಿಸಿದರು. ನನಗೆ ನಗು ಬಂತು. ಅದು ಓದು, ಓದಿಸು! ಅಷ್ಟೇ ಅಲ್ಲ, ಗೋದಾಮಿನ ಕಾವಲುಗಾರ ತನ್ನ ಮಗಳನ್ನು 'ಸೊಮೇಶ' ಮಾಡುತ್ತಿದ್ದೇನೆ ಎಂದಾಗ ಅವನ ಅರ್ಥ ಫೀಸು ಕಟ್ಟುತ್ತಿದ್ದೇನೆ ಎಂದು. ನಮ್ಮ ಅಪ್ಪಂದಿರು "ಮೂರು ಮಕ್ಕಳನ್ನು ಓದಿಸಿದೆ" ಎನ್ನುವುದೂ ಅದೇ ಅರ್ಥದಲ್ಲಿ. ಲಾಲ ಮಲಗು, ಲಾಜ಼ ಮಲಗಿಸು. ಲೀಅ ಅಳು, ಲೀಜ಼ ಅಳಿಸು. ರೂದಿ ಮರಳು, ರುದೀಶ ಮರಳಿಸು. 'ಪೀಕ' ಎಂದರೆ ಅಡುಗೆ ಮಾಡು, 'ಪಿಕೀಅ' ಎಂದರೆ ಅಡುಗೆ ಮಾಡಿಕೊಡು. ಕ್ರಿಯಾಪದದ ಬಾಲಕ್ಕೆ ಅವರು ಜೋಡಿಸುವುದನ್ನೇ ನಾವೂ ಜೋಡಿಸುತ್ತೇವೆ. ನಡುವೆ ಇಂಗ್ಲಿಷ್ ಬಂದರೆ ಆ ಬಾಲ ತುಂಡಾಗುತ್ತದೆ, ಆಮೇಲೆ ಕನ್ನಡದಲ್ಲಿ ಅದನ್ನು ಮತ್ತೆ ಹೊಲಿಯಬೇಕು. ಉಳಿದ ಎರಡು ವಾರ ತರಗತಿಗೆ ಹೋಗಲಿಲ್ಲ. ಹಣ ವಾಪಸು ಕೇಳಿದೆ, ಕೊಡಲಿಲ್ಲ.

ಅಲ್ಲಿಂದ ಮುಂದೆ ನನ್ನ ನಿಯಮ ಒಂದೇ: ಟಿಪ್ಪಣಿಯಲ್ಲಿ ಇಂಗ್ಲಿಷ್ ಪದ ಬರಕೂಡದು. ನಿಘಂಟಿಗೂ ದಾರೆಸಲಾಮ್ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದ, 1981ರಲ್ಲಿ ಮೊದಲು ಬಂದ ಸ್ವಾಹಿಲಿ-ಸ್ವಾಹಿಲಿ ಕೋಶವನ್ನೇ ಹಿಡಿದೆ. ಹಳೆಯ ಪ್ರತಿ, ಫುಟ್‌ಪಾತಿನಲ್ಲಿ ಸುಮಾರು 12,000 ಶಿಲ್ಲಿಂಗ್. ಆಗ ರೂಪಾಯಿಗೆ ಮೂವತ್ತರ ಆಸುಪಾಸು ಇತ್ತು, ಅಂದರೆ ನಾನೂರು ರೂಪಾಯಿ. ಸಾವಿರ ಡಾಲರಿನ ತರಗತಿ ಕೊಡದದ್ದನ್ನು ಈ ನಾನೂರು ರೂಪಾಯಿ ಕೊಟ್ಟಿತು.

ಹಾಗೆಂದು ವಿಧಾನ ಸಲೀಸಾಗಿ ಕೆಲಸ ಮಾಡಿತೆಂದು ತಿಳಿಯಬೇಡಿ. ಕನ್ನಡ ಲಿಪಿಯೇ ಮೊದಲು ಕೈಕೊಟ್ಟಿತು. ಸ್ವಾಹಿಲಿಯಲ್ಲಿ ಒತ್ತು ಬೀಳುವುದು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ. ಅದನ್ನು ನಾನು ದೀರ್ಘವಾಗಿ ಬರೆದುಕೊಳ್ಳುತ್ತಿದ್ದೆ: ಕಿತಾಬು, ಸೋಮ. ಆದರೆ 'ಕೂಫ' ಎಂದರೆ ಸಾಯುವುದು, 'ಕುಫಾಅ' ಎಂದರೆ ಯೋಗ್ಯವಾಗುವುದು. ಅವಸರದಲ್ಲಿ ಗೀಚಿಕೊಂಡಿದ್ದ ಟಿಪ್ಪಣಿಯನ್ನು ನಂಬಿ, ಒಬ್ಬ ಮುದಿ ಪುಸ್ತಕ ವ್ಯಾಪಾರಿಯ ಎದುರು ಅವನ ಪುಸ್ತಕ ತುಂಬ ಯೋಗ್ಯವಾದದ್ದು ಎಂದು ಹೊಗಳಲು ಹೋಗಿ, ಅದು ಸಾಯುವಂಥದ್ದು ಎಂದುಬಿಟ್ಟೆ. ಆತ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಗೆದ್ದಲು ಹಿಡಿದಿಲ್ಲವಲ್ಲ" ಎಂದ.

'ಕೊಡು' ಹುಚ್ಚಿನದು ಇನ್ನೊಂದು ಕಥೆ. ಬಾಲದಲ್ಲಿ 'ಇಅ' ಕಂಡಲ್ಲೆಲ್ಲ 'ಕೊಡು' ಹಾಕುತ್ತಾ ಹೋದೆ. ಒಂದು ಪುಟದಲ್ಲಿ ಹನ್ನೊಂದು ಕೊಡುಗಳು! 'ಕಿಂಬೀಅ' ಓಡು ಎಂದಾದರೆ 'ಕಿಂಬಿಲೀಅ' ಓಡಿಕೊಡು ಎಂದು ಬರೆದಿದ್ದೆ. ಅದರ ಅರ್ಥ ಒಂದು ಕಡೆಗೆ ಓಡುವುದು, ಮೊರೆಹೊಗುವುದು. ಆ ಕರಡಿನ ನಲವತ್ತು ಪುಟ ಹರಿದು ಹಾಕಿದೆ.

ಗಡಿಯಾರದ ವಿಷಯ ನಿಮಗೆ ಗೊತ್ತೇ ಇದೆ. ಅವರ ಎಣಿಕೆ ಹಗಲಿಗೆ ಸೂರ್ಯೋದಯದಿಂದ, ರಾತ್ರಿಗೆ ಸೂರ್ಯಾಸ್ತದಿಂದ, ನಮ್ಮ ಏಳು ಗಂಟೆ ಅವರ ಒಂದು ಗಂಟೆ. ಗೊತ್ತಿದ್ದೂ ಒಂದು ಕಥೆಯಲ್ಲಿ ಗಂಡ 'ರಾತ್ರಿ ಮೂರು ಗಂಟೆಗೆ' ಮನೆಗೆ ಬಂದ ಎಂದು ಬರೆದೆ. ಅವನು ಬಂದದ್ದು ಒಂಬತ್ತಕ್ಕೆ, ಊಟದ ಹೊತ್ತಿಗೆ. ಪಾಪ, ಸಂಭಾವಿತ ಮನುಷ್ಯನನ್ನು ಕುಡುಕನನ್ನಾಗಿ ಮಾಡಿದ್ದೆ. ಪಂಚಾಂಗದಲ್ಲಿ ಉದಯಾದಿ ಘಳಿಗೆ ಎಣಿಸುವ ಮನೆಯಲ್ಲಿ ಬೆಳೆದವರಿಗೆ ಈ ತಪ್ಪು ಆಗಬಾರದಿತ್ತು.

ನನ್ನನ್ನು ನಿಜವಾಗಿ ಮಣ್ಣು ಮುಕ್ಕಿಸಿದ್ದು 'ಯೇಯೆ'. ಅವನು, ಅವಳು ಎರಡಕ್ಕೂ ಅದೊಂದೇ ಪದ. ಎಷ್ಟೋ ಸಲ ಅದೂ ಇರುವುದಿಲ್ಲ, ಕ್ರಿಯಾಪದದ ತಲೆಯ ಮೇಲೊಂದು 'ಅ' ಇರುತ್ತದೆ, ಅಷ್ಟೇ. ಒಂದು ಕಥೆಯಲ್ಲಿ ಬಂದರಿನಲ್ಲಿ ಮೂಟೆ ಲೆಕ್ಕ ಮಾಡುವ ಪಾತ್ರವನ್ನು ಗಂಡಸೆಂದುಕೊಂಡು ಹದಿನಾಲ್ಕು ಪುಟ ಅನುವಾದಿಸಿದೆ. ಹದಿನೈದನೆಯ ಪುಟದಲ್ಲಿ ಆ ಪಾತ್ರ ಮನೆಗೆ ಹೋಗಿ ಮಗುವಿಗೆ ಎದೆಹಾಲು ಕುಡಿಸಿತು. ಕನ್ನಡದ ಕ್ರಿಯಾಪದ ಲಿಂಗ ಹೇಳದೆ ಬಿಡುವುದಿಲ್ಲ: ಬಂದನು, ಬಂದಳು. ಕಥೆಗಾರ ಬೇಕೆಂದೇ ಮುಚ್ಚಿಟ್ಟದ್ದನ್ನು ಮೊದಲ ಸಾಲಿನಲ್ಲೇ ಬಯಲು ಮಾಡಿದರೆ ಕಥೆ ಸತ್ತಂತೆ. 'ಅವರು' ಎಂದರೆ ಕೂಲಿಯಾಳಿಗೆ ಇಲ್ಲದ ಗೌರವ ಬರುತ್ತದೆ. ಕೊನೆಗೆ ಆ ಹದಿನಾಲ್ಕು ಪುಟವನ್ನು 'ಬಂದದ್ದು', 'ಎಣಿಸಿದ್ದು', 'ಬೈಸಿಕೊಂಡದ್ದು' ಎಂಬ ಕೃದಂತಗಳಲ್ಲೇ ನಡೆಸಿದೆ. ಮೂರು ತಿಂಗಳು ಹಿಡಿಯಿತು. ಎಲ್ಲಿಯೂ ಕೃತಕವಾಗಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಹಸ್ತಪ್ರತಿ ಓದಿದ ಆರು ಜನರಲ್ಲಿ ಒಬ್ಬರಿಗೂ ಗುಟ್ಟು ಮೊದಲೇ ಸಿಗಲಿಲ್ಲ.

ಊರಿಗೆ ಮರಳಿ ಮೈಸೂರಿನಲ್ಲಿ ನೆಲೆಸಿದ ಮೇಲೆ ವಿಧಾನ ಗಟ್ಟಿಯಾಯಿತು. ಓದಲು ಬಂದ ತಾಂಜಾನಿಯಾದ ಹುಡುಗನೊಬ್ಬ ಪರಿಚಯವಾದ. ವಾರಕ್ಕೆ ಎರಡು ಸಂಜೆ, ಗಂಟೆಗೆ 300 ರೂಪಾಯಿ, ಜೊತೆಗೆ ಊಟ. ಅವನು ಮೂಲವನ್ನು ಗಟ್ಟಿಯಾಗಿ ಓದಬೇಕು, ನಾನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕು. ಪುಸ್ತಕ ನೋಡುವಂತಿಲ್ಲ. ಒಂದು ವಾರ ಬಿಟ್ಟು ನನ್ನ ಕನ್ನಡ ಅನುವಾದವನ್ನಷ್ಟೇ ಮುಂದಿಟ್ಟುಕೊಂಡು, ಅದೇ ಕಥೆಯನ್ನು ಸ್ವಾಹಿಲಿಯಲ್ಲಿ ಅವನಿಗೆ ಬಾಯಲ್ಲಿ ಹೇಳುತ್ತಿದ್ದೆ. ಮೂಲ ಓದುವಾಗ ಅವನು ನಕ್ಕ ಕಡೆಯೇ ಈಗಲೂ ನಕ್ಕರೆ ಪುಟ ಪಾಸು, ಇಲ್ಲದಿದ್ದರೆ ಮತ್ತೆ ಬರೆ. ಮೊದಲ ಕಥೆ ಏಳು ಸಲ ನಪಾಸಾಯಿತು. ಕೊನೆಯ ಕಥೆಗೆ ಎರಡು ಸಲ ಸಾಕಾಯಿತು.

ಅವನಿಂದ ಸಿಕ್ಕ ದೊಡ್ಡ ಲಾಭ ಧ್ವನಿಪದಗಳದು. 'ಲೋವ ಚಪಚಪ' ಎಂದಾಗ ಅರ್ಥವನ್ನು ಕೇಳಲೇ ಇಲ್ಲ. ತೊಯ್ದು ತೊಪ್ಪೆಯಾಗುವುದು ಎಂದು ಬರೆದೆ. 'ಲಾಲ ಫೊಫೋಫೊ' ಗೊರಕೆ ಹೊಡೆದು ಮಲಗುವುದಲ್ಲ, ಕೊರಡಿನಂತೆ ಬಿದ್ದುಕೊಳ್ಳುವುದು. ಹಿರಿಯರಿಗೆ ಹೇಳುವ 'ಶಿಕಮೋ' ನಮಸ್ಕಾರವಲ್ಲ, ನಿಮ್ಮ ಪಾದ ಹಿಡಿದೆ ಎಂಬ ಮಾತು ಸವೆದದ್ದು. 'ಅಡ್ಡಬಿದ್ದೆ' ಎಂದರೆ ಸರಿಯಾಗಿ ಕೂರುತ್ತದೆ. 'ಹಾಬ ನ ಹಾಬ ಹುಜಾಜ಼ ಕಿಬಾಬ' ಎಂಬ ಗಾದೆಗೆ ಎಲ್ಲರೂ ಹನಿ ಹನಿ ಗೂಡಿದರೆ ಹಳ್ಳ ಎಂದೇ ಬರೆಯಲು ಹೇಳಿದರು. ನಾನು ಒಪ್ಪಲಿಲ್ಲ. ಕಿಬಾಬ ಎಂದರೆ ಧಾನ್ಯ ಅಳೆಯುವ ಅಳತೆ. ಕಥೆಯ ಅಜ್ಜಿಯ ಕೈಯಲ್ಲಿ ಇದ್ದದ್ದೂ ಜೋಳವೇ, ನೀರಲ್ಲ. 'ಚಿಟಿಕೆ ಚಿಟಿಕೆ ಸೇರಿ ಪಾವು ತುಂಬುತ್ತದೆ' ಎಂದಿಟ್ಟೆ. ಸ್ವಾಹಿಲಿಯಲ್ಲಿ ನಾಮಪದ ಯಾವ ಗುಂಪಿನದೋ ಅದಕ್ಕೆ ತಕ್ಕಂತೆ ಅದರ ಜೊತೆಯ ಗುಣಪದ, ಕ್ರಿಯಾಪದಗಳ ತಲೆಯೂ ಬದಲಾಗುತ್ತದಲ್ಲ, ಉದ್ದ ವಾಕ್ಯದಲ್ಲಿ ಯಾವುದು ಯಾವುದಕ್ಕೆ ಸೇರಿದ್ದು ಎಂದು ಕಳೆದುಹೋಗದಂತೆ ಹಿಡಿಯಲು ನನ್ನದೊಂದು ಮೂರು ಬಣ್ಣದ ಉಪಾಯವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ.

ನಡುವೆ ದಾರಿ ತಪ್ಪಿದ್ದೂ ಉಂಟು. ಮ್ವಾನ ಕುಪೋನ ಎಂಬ ತಾಯಿ 1858ರ ಸುಮಾರಿಗೆ ಮಗಳಿಗೆ ಹೇಳಿದ ಬುದ್ಧಿಮಾತಿನ ಕಾವ್ಯವನ್ನು ತ್ರಿಪದಿಗೆ ಇಳಿಸಲು ಹೊರಟೆ. ಅದು ಉತೇಂದಿ ಎಂಬ ಛಂದಸ್ಸು: ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ, ಮೊದಲ ಮೂರಕ್ಕೆ ಒಂದೇ ಅಂತ್ಯಪ್ರಾಸ, ನಾಲ್ಕನೆಯದು ಇಡೀ ಕಾವ್ಯಕ್ಕೆ ಒಂದೇ. 'ನೆಗೇಮ ವಾಂಗು ಬಿಂತಿ' ಎಂದು ಶುರುವಾಗುತ್ತದೆ, ಹತ್ತಿರ ಬಾ ಮಗಳೇ ಎಂದು. ನಮ್ಮ ಕಣ್ಣಿಗೆ ಏಳೇ ಅಕ್ಷರ ಕಾಣುತ್ತದೆ. ಬಿಂತಿಯ ನಡುವಿನ ನಕಾರವೂ ಒಂದು ಅಕ್ಷರವೆಂದು ಅವರು ಎಣಿಸುತ್ತಾರೆ. ಸೊನ್ನೆ ಬಂದರೆ ಗುರು, ಎರಡು ಮಾತ್ರೆ, ನಮ್ಮ ಲೆಕ್ಕವೇ ಇದು ಎಂದು ಕುಣಿದಾಡಿದೆ. ಆದರೆ 'ವಾಂಗು'ವಿನ ಸೊನ್ನೆಯನ್ನು ಅವರು ಎಣಿಸುವುದೇ ಇಲ್ಲ! ಅಲ್ಲಿ ಅನುನಾಸಿಕ ಮುಂದಿನ ಗಕಾರಕ್ಕೆ ಅಂಟಿಕೊಂಡು ಒಂದೇ ಅಕ್ಷರವಾಗುತ್ತದೆ. ಮಾತ್ರೆ ಬಿಟ್ಟೆ, ತ್ರಿಪದಿ ಬಿಟ್ಟೆ, ಅಂತ್ಯಪ್ರಾಸವನ್ನು ನಮ್ಮ ಎರಡನೆಯ ಅಕ್ಷರದ ಪ್ರಾಸವಾಗಿ ತಿರುಗಿಸಿ ಚೌಪದಿಯಲ್ಲಿ ಇಪ್ಪತ್ತು ಪದ್ಯ ಕಟ್ಟಿದೆ. ಹಾಡಿಸಿದಾಗ ಕೇಳಲು ಚೆನ್ನಾಗಿತ್ತು. ಪುಸ್ತಕಕ್ಕೆ ಸೇರಿಸುವಷ್ಟು ಚೆನ್ನಾಗಿರಲಿಲ್ಲ.

ಇನ್ನೊಂದು ಸಾಹಸ ಘಾನಾದ ಟ್ವಿ ಭಾಷೆಯದು. ಕಿಟೆಲ್ ಅವರ ಕನ್ನಡ ನಿಘಂಟು 1894ರದು. ಅವರು ಕಲಿತ ಬಾಸೆಲ್ ಮಿಶನ್ನಿನಲ್ಲೇ ತರಬೇತಾದ ಕ್ರಾಫ್ ಅವರ ಸ್ವಾಹಿಲಿ ನಿಘಂಟು ಹೊರಬಂದದ್ದು 1882ರಲ್ಲಿ, ಕ್ರಿಸ್ಟಾಲರ್ ಅವರ ಟ್ವಿ ನಿಘಂಟು ಹೊರಬಂದದ್ದು 1881ರಲ್ಲಿ. ಒಂದೇ ಗರಡಿಯ ಮೂವರು ಪೈಲ್ವಾನರು ಎಂಬ ಮೋಹದಿಂದ ಕ್ರಿಸ್ಟಾಲರನ ಪ್ರತಿಯೊಂದನ್ನು ನೆರಳಚ್ಚು ಮಾಡಿಸಿದೆ, ಬೈಂಡಿಂಗ್ ಸೇರಿ ಸುಮಾರು 1,100 ರೂಪಾಯಿ. ಟ್ವಿಯಲ್ಲಿ 'ಪಪ' ಎಂಬುದನ್ನು ದನಿಯ ಏರಿಳಿತಕ್ಕೆ ತಕ್ಕಂತೆ ಒಳ್ಳೆಯದು, ಅಪ್ಪ, ಬೀಸಣಿಗೆ ಎಂದು ಮೂರು ರೀತಿ ಓದಬೇಕು. ಕನ್ನಡ ಅಕ್ಷರಕ್ಕೆ ವೇದದ ಪುಸ್ತಕದ ಅನುದಾತ್ತ, ಸ್ವರಿತ ಗೆರೆಗಳನ್ನು ಹಾಕಿ ನೋಡಿದೆ. ಕಾಗದದ ಮೇಲೆ ಅಮೋಘವಾಗಿ ಕಂಡಿತು. ಓದಲು ಕೂತರೆ ನನ್ನ ಬಾಯಿಂದ ತೈತ್ತಿರೀಯದ ರಾಗ ಹೊರಟಿತು. ಮೂರು ವಾರಕ್ಕೆ ಕೈಬಿಟ್ಟೆ.

ದುಡ್ಡಿನ ಮಾತು. ಪುಸ್ತಕಗಳು, ಹುಡುಗನ ಗಂಟೆಗಳು, ಕಥೆಗಾರರ ಅನುಮತಿಗೆ ಕೊಟ್ಟದ್ದು ಎಲ್ಲ ಸೇರಿ ಎರಡೂಕಾಲು ಲಕ್ಷ ದಾಟಿತು. ಜಂಜಿಬಾರಿನ ತರಗತಿ ಇದರಲ್ಲಿ ಸೇರಿಲ್ಲ. ಅಚ್ಚಾದದ್ದು 500 ಪ್ರತಿ, ಮುಗಿದದ್ದು ಮುನ್ನೂರ ಎಪ್ಪತ್ತರ ಹತ್ತಿರ. ಪ್ರಕಾಶಕರು ಗೌರವಧನವೆಂದು ಕೊಟ್ಟದ್ದು ಎಂಟು ಸಾವಿರ, ಉಳಿದದ್ದು 'ಮುಂದಿನ ತಿಂಗಳು'. ಆ ಮುಂದಿನ ತಿಂಗಳಿಗೆ ಈಗ ಒಂದು ವರ್ಷ ತುಂಬಿದೆ.

ಹುಚ್ಚು ಎಂದಿದ್ದ ಗೆಳೆಯರು ಕಳೆದ ವಾರ ಫೋನು ಮಾಡಿದ್ದರು. ಕೃದಂತದ ಕಥೆಯನ್ನು ಎರಡು ಸಲ ಓದಿದರಂತೆ. ಆ ಮೂರು ಬಣ್ಣದ ಉಪಾಯ ಏನೆಂದು ಕೇಳಿದರು, ತಮಗೂ ಸ್ವಾಹಿಲಿ ಶುರು ಮಾಡುವ ಮನಸ್ಸಿದೆಯಂತೆ. ಊರಿನ ತೋಟದ ಮನೆಗೆ ಬನ್ನಿ, ನಾಲ್ಕು ದಿನ ಇರುವಂತೆ ಬನ್ನಿ, ಹೇಳಿಕೊಡುತ್ತೇನೆ ಎಂದೆ. ಸ್ವಾಹಿಲಿಯಲ್ಲಿ ಒಂದು ಗಾದೆಯಿದೆ: ಅತಿಥಿ ಎರಡು ದಿನ, ಮೂರನೆಯ ದಿನ ಅವನ ಕೈಗೆ ಗುದ್ದಲಿ ಕೊಡು. ಅಡಿಕೆ ತೋಟದಲ್ಲಿ ಕಳೆ ಮೊಣಕಾಲುದ್ದ ಬೆಳೆದಿದೆ.