ಕೆಲಸ ನಿಂತರೆ ಎಷ್ಟು ಹೊತ್ತು ತಡೆದೀತು? ವ್ಯವಹಾರ ನಿರಂತರತೆಗೆ ಗುರಿ ಗೊತ್ತುಪಡಿಸುವ ಬಗೆ

‘ಅಡಚಣೆ ಉಂಟಾದಲ್ಲಿ ಸೇವೆಯನ್ನು ಆದಷ್ಟು ಬೇಗ ಪುನರಾರಂಭಿಸಲಾಗುವುದು’ ಎಂಬ ವಾಕ್ಯ, ಕೆಲಸ ನಿಂತಾಗ ಏನು ಮಾಡಬೇಕೆಂದು ಸಂಸ್ಥೆಗಳು ಬರೆದಿಡುವ ಅನೇಕ ನಿರಂತರತಾ ಯೋಜನೆಗಳ ಮೊದಲ ಪುಟದಲ್ಲಿಯೇ ಸಿಗುತ್ತದೆ. ಇದು ಸದಾಶಯವೇ ಹೊರತು ಗುರಿಯಲ್ಲ. ಅಡಚಣೆಯ ದಿನ ‘ಆದಷ್ಟು ಬೇಗ’ ಎಂಬುದು ಗ್ರಾಹಕರ ಕರೆಗೆ ಉತ್ತರಿಸುವವರಿಗೆ ಈ ಗಳಿಗೆಯಾದರೆ, ಲೆಕ್ಕಪತ್ರ ವಿಭಾಗದವರಿಗೆ ನಾಳೆ ಬೆಳಿಗ್ಗೆಯಾಗಿರುತ್ತದೆ. ಯಾವ ಕೆಲಸ, ಎಷ್ಟು ಹೊತ್ತಿನೊಳಗೆ, ಯಾವ ಮಟ್ಟಕ್ಕೆ, ಯಾರ ಹೊಣೆಯಲ್ಲಿ ಮರಳಬೇಕು ಎಂಬ ನಾಲ್ಕೂ ಸ್ಪಷ್ಟವಾದಾಗ ಮಾತ್ರ ಅದನ್ನು ಗುರಿಯೆನ್ನಬಹುದು. 2012ರಲ್ಲಿ ಹೊರಬಂದು 2019ರಲ್ಲಿ ಪರಿಷ್ಕೃತವಾದ ಐಎಸ್‌ಒ 22301 ಎಂಬ ವ್ಯವಹಾರ ನಿರಂತರತೆಯ ಅಂತರರಾಷ್ಟ್ರೀಯ ಮಾನದಂಡವೂ ಗುರಿಗಳು ಸಾಧ್ಯವಿದ್ದಲ್ಲೆಲ್ಲ ಅಳತೆಗೆ ಸಿಗುವಂತಿರಬೇಕು ಎನ್ನುತ್ತದೆ.

ಆರಂಭಿಸಬೇಕಾದದ್ದು ವಿಪತ್ತುಗಳ ಪಟ್ಟಿಯಿಂದಲ್ಲ, ಕೆಲಸಗಳ ಪಟ್ಟಿಯಿಂದ. ಬೆಂಕಿ, ಪ್ರವಾಹ, ಸೈಬರ್ ದಾಳಿ ಎಂದು ಎಣಿಸುತ್ತ ಹೋದರೆ ಪಟ್ಟಿಗೆ ಕೊನೆಯಿರುವುದಿಲ್ಲ; ಕಾರಣ ಯಾವುದಾದರೂ ನಿಲ್ಲುವುದು ಅವೇ ಕೆಲಸಗಳು. ಪ್ರತಿಯೊಂದು ಕೆಲಸವನ್ನೂ ದಿನನಿತ್ಯ ಮಾಡುವವರನ್ನೇ ಕೂರಿಸಿಕೊಂಡು, ಇದು ಒಂದು ಗಂಟೆ ನಿಂತರೆ ಏನಾಗುತ್ತದೆ, ಒಂದು ದಿನ ನಿಂತರೆ, ಒಂದು ವಾರ ನಿಂತರೆ ಏನಾಗುತ್ತದೆ ಎಂದು ಕೇಳಬೇಕು. ಉತ್ತರವು ದಿನಾಂಕವನ್ನೂ ಅವಲಂಬಿಸಿರುತ್ತದೆ ಎಂಬುದನ್ನು ಮರೆಯಬಾರದು. ತಿಂಗಳ ಕೊನೆಗೆ ಸಂಬಳವಾಗುವ ಸಂಸ್ಥೆಯಲ್ಲಿ ಸಂಬಳದ ಲೆಕ್ಕ 10ನೇ ತಾರೀಖು ಮೂರು ದಿನ ನಿಂತರೂ ಯಾರ ಗಮನಕ್ಕೂ ಬಾರದಿರಬಹುದು. ಅದೇ 30ರಂದು ಅರ್ಧ ದಿನ ನಿಂತರೆ ಪ್ರತಿ ನೌಕರನ ಮನೆಗೂ ಅದರ ಬಿಸಿ ತಟ್ಟುತ್ತದೆ. ಆದ್ದರಿಂದ ಗುರಿಯನ್ನು ಅತ್ಯಂತ ಇಕ್ಕಟ್ಟಿನ ದಿನಕ್ಕೆ ಹೊಂದುವಂತೆ ಗೊತ್ತುಪಡಿಸುವುದೇ ಸರಿ.

ಈ ಮಾತುಕತೆಯಿಂದ ಮೊದಲು ಹೊರಡುವುದು ಗರಿಷ್ಠ ಮಿತಿ, ಅಂದರೆ ಅದನ್ನು ಮೀರಿದರೆ ಹಾನಿಯನ್ನು ಸಂಸ್ಥೆ ತಾಳಲಾರದು ಎನ್ನುವ ಅವಧಿ. ಕೆಲಸವನ್ನು ಮರಳಿ ಆರಂಭಿಸಬೇಕಾದ ಅವಧಿಗೆ ಆರ್‌ಟಿಒ (ರಿಕವರಿ ಟೈಮ್ ಆಬ್ಜೆಕ್ಟಿವ್) ಎನ್ನುತ್ತಾರೆ. ಅದು ಗರಿಷ್ಠ ಮಿತಿಗಿಂತ ಕಡಿಮೆಯೇ ಇರಬೇಕು. ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ಸಹಿಸಬಹುದು ಎಂಬುದು ಆರ್‌ಪಿಒ (ರಿಕವರಿ ಪಾಯಿಂಟ್ ಆಬ್ಜೆಕ್ಟಿವ್). ಇವೆರಡನ್ನು ಒಂದೇ ಎಂದು ಭಾವಿಸುವವರು ಬಹಳ. 2017ರ ಜನವರಿ 31ರಂದು ತಂತ್ರಾಂಶ ಬರೆಯುವವರ ಕೋಡ್ ಕಾಪಿಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಕಣ್ತಪ್ಪಿನಿಂದ ಮುಖ್ಯ ಡೇಟಾಬೇಸ್‌ನ ಮಾಹಿತಿ ಅಳಿಸಿಹೋದಾಗ, ನೆಚ್ಚಿಕೊಂಡಿದ್ದ ಬ್ಯಾಕಪ್‌ಗಳು ಕೈಕೊಟ್ಟವು. ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯಿಂದ ಎಲ್ಲವನ್ನೂ ಮರಳಿ ಕಟ್ಟಬೇಕಾಯಿತು. ಸೇವೆ ನಿಂತದ್ದು ಸುಮಾರು 18 ಗಂಟೆ. ಶಾಶ್ವತವಾಗಿ ಹೋದದ್ದು ಸುಮಾರು 6 ಗಂಟೆಯ ಮಾಹಿತಿ. ಮೊದಲ ಸಂಖ್ಯೆಯನ್ನು ಆರ್‌ಟಿಒಗೂ ಎರಡನೆಯದನ್ನು ಆರ್‌ಪಿಒಗೂ ಹೋಲಿಸಿ ನೋಡಬೇಕು. ರಾತ್ರಿಗೊಮ್ಮೆ ಮಾತ್ರ ಬ್ಯಾಕಪ್ ತೆಗೆಯುವ ಸಂಸ್ಥೆ ತನ್ನ ಆರ್‌ಪಿಒ ಒಂದು ಗಂಟೆ ಎಂದು ಬರೆದುಕೊಂಡಿದ್ದರೆ ಆ ಬರಹಕ್ಕೆ ಅರ್ಥವಿಲ್ಲ.

ಆರ್‌ಟಿಒ ಲೆಕ್ಕದಲ್ಲಿ ಪದೇಪದೇ ಆಗುವ ತಪ್ಪೊಂದಿದೆ. ಸರ್ವರ್ ಮರುಸ್ಥಾಪನೆಗೆ ಮೂರು ಗಂಟೆ ಬೇಕೆಂದು ತಾಂತ್ರಿಕ ವಿಭಾಗ ಹೇಳಿದೊಡನೆ ಗುರಿಯೂ ಮೂರು ಗಂಟೆಯಾಗಿಬಿಡುತ್ತದೆ. ಆದರೆ ತೊಂದರೆ ಗಮನಕ್ಕೆ ಬರಲು ಅರ್ಧ ಗಂಟೆ, ಹೊಣೆಗಾರರು ತೀರ್ಮಾನಿಸಲು ಒಂದು ಗಂಟೆ, ಮರುಸ್ಥಾಪನೆಗೆ ಮೂರು, ಮಾಹಿತಿ ಸರಿಯಾಗಿದೆಯೇ ಎಂದು ಪರಿಶೀಲಿಸಲು ಒಂದು ಗಂಟೆ ಎಂದಿಟ್ಟುಕೊಂಡರೂ ಐದೂವರೆ ಗಂಟೆಯಾಯಿತು. ಅಷ್ಟರಲ್ಲಿ ರಾಶಿಬಿದ್ದ ಬಾಕಿ ಕೆಲಸ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕೆಲಸ ಪೂರ್ಣ ಪ್ರಮಾಣದಲ್ಲಿ ಮರಳುವುದೂ ಅಗತ್ಯವಲ್ಲ. ಮೊದಲ ದಿನ ತುರ್ತು ಆದೇಶಗಳನ್ನಷ್ಟೇ ಕೈಬರಹದಲ್ಲಿ ಸ್ವೀಕರಿಸುವುದು ಸಾಕೆಂದಾದರೆ ಆ ಕನಿಷ್ಠ ಮಟ್ಟವನ್ನು ಸ್ಪಷ್ಟವಾಗಿ ಬರೆದಿಡಬೇಕು.

ಒಂದು ಕೆಲಸದ ಗುರಿ ಅದು ಆತುಕೊಂಡಿರುವ ಇತರ ವ್ಯವಸ್ಥೆಗಳ ಗುರಿಗಿಂತ ಚುರುಕಾಗಿರಲು ಬರುವುದಿಲ್ಲ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯ ಎಂಬ ಕುತಂತ್ರಾಂಶದ ದಾಳಿಗೆ ಸಿಕ್ಕ ಮರ್ಸ್ಕ್ ಹಡಗು ಸಂಸ್ಥೆ ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಕಂಪ್ಯೂಟರ್‌ಗಳನ್ನೂ ಮರಳಿ ಸಿದ್ಧಪಡಿಸಿತು. ಯಾರಿಗೆ ಎಲ್ಲಿ ಪ್ರವೇಶವಿದೆ ಎಂಬುದನ್ನು ನಿಯಂತ್ರಿಸುವ ಡೊಮೇನ್ ಕಂಟ್ರೋಲರ್‌ಗಳಲ್ಲಿ ಅದಕ್ಕೆ ಕೆಡದೆ ಸಿಕ್ಕದ್ದು ಘಾನಾದಲ್ಲಿದ್ದ ಒಂದೇ ಒಂದು, ಅದೂ ದಾಳಿಯ ಹೊತ್ತಿಗೆ ಅಲ್ಲಿ ವಿದ್ಯುತ್ ಹೋಗಿದ್ದರಿಂದ. ನಿಮ್ಮ ಪಟ್ಟಿಯ ಪ್ರತಿ ಕೆಲಸದ ಕೆಳಗೂ ಲಾಗಿನ್, ದೂರವಾಣಿ, ಪೂರೈಕೆದಾರ, ಕೀಲಿಕೈ ಹೀಗೆ ಅದಕ್ಕೆ ಬೇಕಾದುದನ್ನೆಲ್ಲ ಬರೆದು, ಅವುಗಳ ಮರಳುವ ಅವಧಿಯನ್ನೂ ಪಕ್ಕದಲ್ಲೇ ನಮೂದಿಸಬೇಕು.

ಅವಧಿ ಕಡಿಮೆಯಾದಷ್ಟೂ ವೆಚ್ಚ ಏರುತ್ತದೆ. ಎಲ್ಲ ಕೆಲಸಗಳಿಗೂ ಎರಡು ಗಂಟೆಯ ಗುರಿ ಕೇಳುವ ವಿಭಾಗಗಳ ಮುಂದೆ ಅದರ ಖರ್ಚನ್ನಿಟ್ಟರೆ ಆದ್ಯತೆ ತಾನಾಗಿಯೇ ತಿಳಿಯಾಗುತ್ತದೆ. ಅಂತಿಮ ಸಂಖ್ಯೆಗೆ ಹಣ ಮಂಜೂರು ಮಾಡುವವರೇ ಸಹಿ ಹಾಕಬೇಕು.

ಬಳಿಕ ಗಡಿಯಾರ ಹಿಡಿದು ಅಣಕು ಕಾರ್ಯಾಚರಣೆ ನಡೆಸಿ, ನಡೆದುದನ್ನೆಲ್ಲ ನಿಮಿಷದ ಲೆಕ್ಕದಲ್ಲಿ ಬರೆಯಿರಿ: 9.00ಕ್ಕೆ ಘೋಷಣೆ, 9.40ರವರೆಗೆ ಬ್ಯಾಕಪ್‌ನ ಪಾಸ್‌ವರ್ಡ್ ಯಾರ ಬಳಿ ಇದೆಯೆಂಬ ಹುಡುಕಾಟ, 9.55ಕ್ಕೆ ಅದು ರಜೆಯಲ್ಲಿರುವವರ ಬಳಿ ಇದೆಯೆಂಬ ತಿಳಿವು. ಆರು ಗಂಟೆಯ ಗುರಿಗೆ ಒಂಬತ್ತು ಗಂಟೆ ಹಿಡಿದರೆ, ತಡವಾದ ಹಂತವನ್ನು ಸರಿಪಡಿಸಿ ಮತ್ತೆ ಅಳೆಯಬೇಕು, ಇಲ್ಲವೇ ಸಹಿ ಹಾಕಿದವರಿಗೆ ತಿಳಿಸಿ ಗುರಿಯನ್ನೇ ಬದಲಿಸಬೇಕು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕವಿರಲಿ. ದಿನಾಂಕವಿಲ್ಲದ ಸಂಖ್ಯೆಯನ್ನು ಗ್ರಾಹಕರಿಗೆ ಭರವಸೆಯಾಗಿ ಕೊಡಬೇಡಿ.